ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆಯಲ್ಲಿ ಅಪೌಷ್ಟಿಕತೆ

ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆಯಲ್ಲಿ ಅಪೌಷ್ಟಿಕತೆ ಎಂಬುದು ಮೂತ್ರಪಿಂಡಗಳ ಕಾರ್ಯಕ್ಷಮತೆ ಕುಂದಿದವರ ದೇಹದಲ್ಲಿ ಪ್ರೋಟೀನ್ ಹಾಗೂ ಶಕ್ತಿಯ ಸಂಗ್ರಹವು ಕ್ರಮೇಣ ಕರಗುವ ಸ್ಥಿತಿಯಾಗಿದೆ. 2008ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು ಇದಕ್ಕೆ 'ಪ್ರೋಟೀನ್-ಎನರ್ಜಿ ವೇಸ್ಟಿಂಗ್' ಎಂಬ ಹೆಸರನ್ನು ಸೂಚಿಸಿತು. ಊಟದ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. ಡಯಾಲಿಸಿಸ್ ಪಡೆಯುವವರಲ್ಲಿ ಇದು ಸೋಂಕು ಮತ್ತು ಮರಣದ ಅಪಾಯವನ್ನು ಹೆಚ್ಚಿಸುತ್ತದೆ.

ಕಾರಣಗಳು

ರಕ್ತದಲ್ಲಿ ಉಳಿಯುವ ತ್ಯಾಜ್ಯಗಳಿಂದ ಹಸಿವು ಇಂಗುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ರಕ್ತದ ಆಮ್ಲೀಯತೆ ಹಾಗೂ ನಿರಂತರ ಉರಿಯೂತಗಳು ಸ್ನಾಯುಗಳನ್ನು ಕ್ಷಯಿಸುತ್ತವೆ. ಹೀಮೋಡಯಾಲಿಸಿಸ್‌ನ ಪ್ರತಿ ಸರದಿಯಲ್ಲಿಯೂ ಸುಮಾರು 6ರಿಂದ 12 ಗ್ರಾಂ ಅಮೈನೋ ಆಮ್ಲಗಳು ನಷ್ಟವಾಗುತ್ತವೆ. ಅತಿಯಾದ ಪಥ್ಯವೂ ಒಂದು ಕಾರಣ.

ಪತ್ತೆ

ಮೂರು ತಿಂಗಳಲ್ಲಿ ಶೇ. 5ರಷ್ಟು ತೂಕ ಇಳಿಯುವುದು, ತೋಳಿನ ಸ್ನಾಯು ಸೊರಗುವುದು, ರಕ್ತದ ಅಲ್ಬುಮಿನ್ ತಗ್ಗುವುದು ಮುಖ್ಯ ಸೂಚನೆಗಳು. ಕಾಲುಗಳಲ್ಲಿ ನೀರು ತುಂಬಿ ಊತವಿದ್ದರೆ ತೂಕದ ಇಳಿಕೆ ಮರೆಯಾಗುತ್ತದೆ. ಆದ್ದರಿಂದ ಡಯಾಲಿಸಿಸ್ ಮುಗಿದ ನಂತರದ ತೂಕವನ್ನು ಗಮನಿಸಬೇಕು.

ಆಹಾರ ಕ್ರಮ

2020ರ ಅಮೆರಿಕದ ಮಾರ್ಗಸೂಚಿಯಂತೆ, ಡಯಾಲಿಸಿಸ್ ಆರಂಭವಾಗದ, ಮಧುಮೇಹವಿಲ್ಲದ, ಕಾಯಿಲೆ ಮುಂದುವರಿದ ರೋಗಿಗೆ ವೈದ್ಯರ ನಿಗಾದಲ್ಲಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.55ರಿಂದ 0.60 ಗ್ರಾಂ ಪ್ರೋಟೀನ್ ಸಾಕು. ಡಯಾಲಿಸಿಸ್ ಪಡೆಯುವವರಿಗೆ 1.0ರಿಂದ 1.2 ಗ್ರಾಂ ಬೇಕು. ಅಂದರೆ 60 ಕಿಲೋ ತೂಕದವರ ಅಗತ್ಯ ಸುಮಾರು 36 ಗ್ರಾಂನಿಂದ 60–72 ಗ್ರಾಂಗೆ ಏರುತ್ತದೆ. ಹಳೆಯ ಪಥ್ಯವನ್ನೇ ಮುಂದುವರಿಸಿದರೆ ರೋಗಿ ಸೊರಗುತ್ತಾನೆ.

ಬೆಂಗಳೂರಿನ ಸಂದರ್ಭ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಸಸ್ಯಾಹಾರಿ ಮನೆಗಳಲ್ಲಿ ತೊವ್ವೆ, ಹುಳಿ, ಕೋಸಂಬರಿ, ಮೊಸರುಗಳೇ ಪ್ರೋಟೀನಿನ ಮುಖ್ಯ ಮೂಲಗಳು. ಪೊಟ್ಯಾಸಿಯಂ ಮತ್ತು ರಂಜಕದ ಭಯದಿಂದ ಇವೆಲ್ಲವನ್ನೂ ಬಿಟ್ಟು ತಿಳಿಸಾರು ಅನ್ನಕ್ಕೆ ಸೀಮಿತವಾದರೆ ಪ್ರೋಟೀನ್ ಸಾಲದು. ಪ್ರಮಾಣವನ್ನು ಆಹಾರತಜ್ಞರಿಂದ ನಿಗದಿಪಡಿಸಿಕೊಳ್ಳುವುದು ಸೂಕ್ತ. ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ತಗ್ಗುತ್ತದೆ. ಆದರೆ ಆ ಕಟ್ಟಿನಿಂದಲೇ ಬಸ್ಸಾರು ಮಾಡಿದರೆ ಅದು ಮರಳಿ ತಟ್ಟೆಗೇ ಬರುತ್ತದೆ. ಎಳನೀರಿನಲ್ಲಿಯೂ ಪೊಟ್ಯಾಸಿಯಂ ಅಧಿಕ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪು ಬಾಯಾರಿಕೆ ಮತ್ತು ಊತವನ್ನು ಹೆಚ್ಚಿಸುತ್ತದೆ.

ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ-ಯುರಾಲಜಿ ಸಂಸ್ಥೆಯು ಈ ಕಾಯಿಲೆಗಳಿಗೆ ಮೀಸಲಾದ ರಾಜ್ಯ ಸರ್ಕಾರದ ಸಂಸ್ಥೆಯಾಗಿದೆ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರವು 2016ರಲ್ಲಿ ಪ್ರಕಟಿಸಿತು. ಯಂತ್ರವು ರಕ್ತವನ್ನು ಶುದ್ಧಗೊಳಿಸುತ್ತದೆಯೇ ಹೊರತು ಕರಗಿದ ಸ್ನಾಯುವನ್ನು ಮರಳಿಸುವುದಿಲ್ಲ. ಆದ್ದರಿಂದ ಆಹಾರ ಸಲಹೆಯೂ ಚಿಕಿತ್ಸೆಯ ಭಾಗವೇ ಆಗಿದೆ.