ಹವಳದ ತೊಟ್ಟಿಯಲ್ಲಿ ಏಂಜೆಲ್ ಮೀನು

ಸಮುದ್ರದ ಏಂಜೆಲ್ ಮೀನುಗಳು ಪೊಮಕ್ಯಾಂತಿಡೇ ಎಂಬ ಕುಟುಂಬಕ್ಕೆ ಸೇರಿದವು. ಪೇಟೆಯ ಅಂಗಡಿಗಳಲ್ಲಿ ಏಂಜೆಲ್ ಎಂದು ಮಾರುವ, ಚಪ್ಪಟೆ ಮೈಯ ಸಿಹಿನೀರಿನ ಮೀನು ಅಮೆಜಾನ್ ಕಡೆಯದು. ಅದಕ್ಕೂ ಇವಕ್ಕೂ ನಂಟಿಲ್ಲ. ಸಮುದ್ರದ ಏಂಜೆಲ್‌ಗಳಲ್ಲಿ ಸುಮಾರು 90 ಪ್ರಭೇದಗಳಿದ್ದು, ಹೆಚ್ಚಿನವು ಉಷ್ಣವಲಯದ ಹವಳದ ದಿಬ್ಬಗಳಲ್ಲಿ ವಾಸಿಸುತ್ತವೆ. ನೋಟಕ್ಕೆ ಇವು ಚಿಟ್ಟೆಮೀನುಗಳನ್ನು ಹೋಲುತ್ತವೆ. ಗುರುತು ಹಿಡಿಯಲು ಕೆನ್ನೆ ನೋಡಿದರೆ ಸಾಕು: ಏಂಜೆಲ್ ಮೀನಿನ ಕಿವಿರು ಮುಚ್ಚಳದ ಬುಡದಲ್ಲಿ ಹಿಂದಕ್ಕೆ ಚಾಚಿದ ಗಟ್ಟಿಯಾದ ಮುಳ್ಳೊಂದಿರುತ್ತದೆ. ಬಲೆಯಲ್ಲಿ ಹಿಡಿದರೆ ಈ ಮುಳ್ಳು ನೂಲಿಗೆ ಸಿಕ್ಕಿಕೊಂಡು ಮೀನು ಒದ್ದಾಡುತ್ತದೆ, ಬಿಡಿಸಹೊರಟವರ ಬೆರಳಿಗೂ ಚುಚ್ಚುತ್ತದೆ. ಅನುಭವಿಗಳು ಬಲೆ ಬಿಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೀನನ್ನು ನೀರಿನ ಸಮೇತ ಎತ್ತುವುದು ಇದಕ್ಕಾಗಿಯೇ.

ಕುಟುಂಬ ಒಂದೇ ಆದರೂ ಗಾತ್ರದಲ್ಲಿ ಅಂತರ ದೊಡ್ಡದು. ಸೆಂಟ್ರೊಪೈಜಿ ಕುಲದ ಕುಬ್ಜ ಏಂಜೆಲ್‌ಗಳು ಹತ್ತು ಹದಿನೈದು ಸೆಂಟಿಮೀಟರಿಗೆ ನಿಂತುಬಿಡುತ್ತವೆ. ಲಕ್ಷದ್ವೀಪದ ದಿಬ್ಬಗಳಲ್ಲೂ ಕಾಣುವ ಎಂಪರರ್ ಏಂಜೆಲ್ 40 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಇದರ ಮರಿಯನ್ನೂ ದೊಡ್ಡದನ್ನೂ ಅಕ್ಕಪಕ್ಕ ಇಟ್ಟರೆ ಎರಡೂ ಒಂದೇ ಜಾತಿ ಎಂದು ಹೇಳುವುದು ಕಷ್ಟ. ಮರಿಯ ಕಡುನೀಲಿ ಮೈಮೇಲೆ ಬಾಲದ ಕಡೆ ಕೇಂದ್ರವಿರುವ ಬಿಳಿ ಬಳೆಗಳು. ದೊಡ್ಡ ಮೀನಿನ ಮೈಮೇಲೆ ಉದ್ದುದ್ದಕ್ಕೆ ಹಳದಿ ನೀಲಿ ಗೆರೆಗಳು, ಕಣ್ಣಿಗೆ ಕಪ್ಪು ಪಟ್ಟಿ. 1787ರಲ್ಲಿ ಜರ್ಮನಿಯ ಬ್ಲಾಕ್ ಈ ಮೀನಿಗೆ ವೈಜ್ಞಾನಿಕ ಹೆಸರಿಟ್ಟ. 1801ರಲ್ಲಿ ಹೊರಬಂದ ಅವನದೇ ಗ್ರಂಥದಲ್ಲಿ ಇದರ ಮರಿ ನಿಕೋಬಾರ್ ಹೆಸರು ಹೊತ್ತು ಬೇರೆಯೇ ಪ್ರಭೇದವಾಗಿ ಸೇರಿಕೊಂಡಿತು. ಎರಡು ವೇಷ ಏಕೆ ಎಂಬುದಕ್ಕೆ ಒಂದು ವಿವರಣೆಯಿದೆ: ದೊಡ್ಡ ಮೀನು ತನ್ನ ಗಡಿಯೊಳಗೆ ತನ್ನದೇ ಬಣ್ಣದ ಮೀನನ್ನು ಸಹಿಸುವುದಿಲ್ಲ, ಬೇರೆ ಬಣ್ಣ ತೊಟ್ಟ ಮರಿಯನ್ನು ಅಷ್ಟಾಗಿ ಅಟ್ಟುವುದಿಲ್ಲ.

ಈ ಗೆರೆಗಳು ಜೀವವಿಜ್ಞಾನದ ದೊಡ್ಡ ಪ್ರಶ್ನೆಯೊಂದಕ್ಕೂ ಉತ್ತರ ಒದಗಿಸಿವೆ. ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲಿ ಒಂದು ಸಿದ್ಧಾಂತ ಮಂಡಿಸಿದ್ದ. ಬೇರೆ ಬೇರೆ ವೇಗದಲ್ಲಿ ಹರಡುವ ಎರಡು ರಾಸಾಯನಿಕಗಳು ಒಂದರ ಮೇಲೊಂದು ಪ್ರಭಾವ ಬೀರಿದರೆ, ಯಾವ ನಕ್ಷೆಯೂ ಇಲ್ಲದೆ ಪಟ್ಟೆ, ಚುಕ್ಕೆಗಳು ತಾವಾಗಿ ಮೂಡಬಲ್ಲವು ಎಂಬುದು ಅದರ ತಿರುಳು. ಲೆಕ್ಕ ಸರಿಯಿತ್ತು, ಜೀವಂತ ಸಾಕ್ಷಿ ಇರಲಿಲ್ಲ. ಜಪಾನಿನ ಶಿಗೆರು ಕೊಂಡೊ ಮತ್ತು ಅಸಾಯ್ ತೊಟ್ಟಿಯಲ್ಲಿ ಏಂಜೆಲ್ ಮೀನುಗಳನ್ನು ಬೆಳೆಸುತ್ತ ತಿಂಗಳುಗಟ್ಟಲೆ ಅವುಗಳ ಚಿತ್ರ ತೆಗೆದರು. ಜೀಬ್ರಾ ಬೆಳೆದಂತೆ ಅದರ ಪಟ್ಟೆಗಳೂ ಅಗಲವಾಗುತ್ತವೆ, ಎಣಿಕೆ ಬದಲಾಗುವುದಿಲ್ಲ. ಈ ಮೀನಿನಲ್ಲಿ ನಡೆಯುವುದು ಬೇರೆ: ಮೈ ಹಿಗ್ಗಿದರೂ ಗೆರೆಗಳ ನಡುವಿನ ಅಂತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಗೆರೆಗಳೇ ಹೆಚ್ಚುತ್ತವೆ. ಎಂಪರರ್ ಮೀನಿನ ಗೆರೆಯೊಂದು ಕವಲೊಡೆದಿರುವ ಜಾಗ ದಿನದಿಂದ ದಿನಕ್ಕೆ ಮುಂದೆ ಸರಿದು, ಜಿಪ್ ಬಿಚ್ಚಿದ ಹಾಗೆ ಒಂದು ಗೆರೆ ಎರಡಾಗುತ್ತದೆ. ಹತ್ತಿರದ ಇನ್ನೊಂದು ಪ್ರಭೇದದ ಮರಿಯಲ್ಲಿ ಹಳೆಯ ಗೆರೆಗಳ ನಡುವಿನ ಖಾಲಿಯಲ್ಲಿ ಹೊಸ ಗೆರೆ ತೆಳ್ಳಗೆ ಮೂಡಿ ಆಮೇಲೆ ದಪ್ಪವಾಗುತ್ತದೆ. ಟ್ಯೂರಿಂಗ್ ಸಮೀಕರಣಗಳಿಂದ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರಗಳೂ ಇದೇ ರೀತಿ ಬದಲಾದವು. 1995ರಲ್ಲಿ ನೇಚರ್ ಪತ್ರಿಕೆ ಈ ಸಂಶೋಧನೆಯನ್ನು ಪ್ರಕಟಿಸಿತು. ಎಂಪರರ್ ಸಾಕುವವರ ಗಾಜಿನ ತೊಟ್ಟಿಯಲ್ಲಿ ಈ ಪ್ರಯೋಗ ಮತ್ತೆ ಮತ್ತೆ ನಡೆಯುತ್ತಲೇ ಇರುತ್ತದೆ, ನೋಡುವ ತಾಳ್ಮೆ ಇರಬೇಕಷ್ಟೆ.

ತೊಂದರೆ ಶುರುವಾಗುವುದು ಊಟದಿಂದ. ದೊಡ್ಡ ಏಂಜೆಲ್‌ಗಳ ಮುಖ್ಯ ಆಹಾರ ಬಂಡೆಗೆ ಅಂಟಿಕೊಂಡು ಬೆಳೆಯುವ ಸ್ಪಂಜು ಜೀವಿಗಳು. ಸ್ಪಂಜಿನ ಮೈತುಂಬ ಗಾಜಿನಂಥ ಸೂಜಿಗಳು, ವಿಷದ ರಾಸಾಯನಿಕಗಳು ಇರುವುದರಿಂದ ಮೀನುಗಳಲ್ಲಿ ಹೆಚ್ಚಿನವು ಅದರ ಸುದ್ದಿಗೇ ಹೋಗುವುದಿಲ್ಲ. ವೆಸ್ಟ್ ಇಂಡೀಸ್ ಸಮುದ್ರದ 212 ಜಾತಿಯ ಮೀನುಗಳ ಹೊಟ್ಟೆ ಸೀಳಿ ನೋಡಿದ ರ್‍ಯಾಂಡಲ್ ಮತ್ತು ಹಾರ್ಟ್‌ಮನ್ 1968ರಲ್ಲಿ ಕೊಟ್ಟ ಲೆಕ್ಕದಂತೆ, ಹೋಲಕ್ಯಾಂತಸ್ ಕುಲದ ಏಂಜೆಲ್‌ಗಳ ಆಹಾರದಲ್ಲಿ ಶೇ. 95ಕ್ಕೂ ಹೆಚ್ಚು, ಪೊಮಕ್ಯಾಂತಸ್ ಕುಲದವುಗಳಲ್ಲಿ ಶೇ. 70ಕ್ಕೂ ಹೆಚ್ಚು ಪಾಲು ಸ್ಪಂಜಿನದೇ. ಬಂಡೆಗೆ ಅಂಟಿದ ಮೆತ್ತನೆಯ ಜೀವಿಯನ್ನು ಕಚ್ಚಿ ಕೀಳುವುದು ಈ ಮೀನಿನ ಕಸುಬು. ಮನೆಯ ತೊಟ್ಟಿಯಲ್ಲಿ ಅಂಥ ಜೀವಿಗಳೆಂದರೆ ಮಾಲೀಕರು ದುಡ್ಡು ಸುರಿದು ಬೆಳೆಸಿದ ಹವಳಗಳು.

ಎಲ್ಲ ಹವಳಗಳಿಗೂ ಅಪಾಯ ಒಂದೇ ಸಮನಲ್ಲ. ಮಾಂಸಲವಾದ ದೊಡ್ಡ ಪಾಲಿಪ್‌ಗಳ (ಹವಳದ ಒಂದೊಂದು ಜೀವಿಯೂ ಒಂದು ಪಾಲಿಪ್) ಹವಳ, ಗುಂಡಿಯಂತೆ ಅರಳುವ ಝೋಆಂತಿಡ್‌ಗಳು, ದೈತ್ಯ ಕಪ್ಪೆಚಿಪ್ಪಿನ ಬಣ್ಣದ ಅಂಚು ಇವು ಮೊದಲು ಬಲಿಯಾಗುತ್ತವೆ. ಕವಲೊಡೆದು ಗಟ್ಟಿಯಾಗಿ ಬೆಳೆಯುವ ಸಣ್ಣ ಪಾಲಿಪ್‌ಗಳ ಹವಳ ಸಾಮಾನ್ಯವಾಗಿ ಬಚಾವಾಗುತ್ತದೆ. ಒಂದೊಂದು ಕಚ್ಚುವಿಕೆಯಿಂದ ಹವಳ ಸಾಯುವುದಿಲ್ಲ. ಪದೇ ಪದೇ ಕಚ್ಚಿಸಿಕೊಂಡ ಪಾಲಿಪ್ ಹಗಲೆಲ್ಲ ಮುದುಡಿಕೊಂಡೇ ಇರುತ್ತದೆ, ಬೆಳಕು ಬೀಳದೆ ಅದರೊಳಗಿನ ಪಾಚಿ ಆಹಾರ ತಯಾರಿಸಲಾಗದೆ ನಿಧಾನಕ್ಕೆ ಸೊರಗುತ್ತದೆ.

ಹವಳ ಮುಖ್ಯ ಎನ್ನುವವರಿಗೆ ಅತಿ ನಿರಾತಂಕದ ಆಯ್ಕೆ ಜೆನಿಕ್ಯಾಂತಸ್ ಕುಲ. ಇವು ಬಂಡೆ ಕೆರೆಯದೆ ನೀರಿನಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳನ್ನು ಹೆಕ್ಕಿ ತಿನ್ನುತ್ತವೆ. ಗಂಡು ಹೆಣ್ಣಿಗೆ ಬೇರೆ ಬೇರೆ ಬಣ್ಣ ಇರುವುದೂ ಈ ಕುಲದ ವಿಶೇಷ. ಹೆಚ್ಚಿನವರ ಮನಸ್ಸು ಓಡುವುದು ಮಾತ್ರ ಕುಬ್ಜ ಏಂಜೆಲ್‌ಗಳ ಕಡೆಗೆ, ಅದರಲ್ಲೂ ಪೆಸಿಫಿಕ್ ದ್ವೀಪಗಳ ಫ್ಲೇಮ್ ಏಂಜೆಲ್ ಕಡೆಗೆ. ಕೆಂಡದಂಥ ಕೆಂಪು ಮೈ, ಅಡ್ಡಕ್ಕೆ ಕಪ್ಪು ಪಟ್ಟೆ, ಈಜುರೆಕ್ಕೆಯ ತುದಿಯಲ್ಲಿ ನೀಲಿ. ಕುಬ್ಜಗಳು ಮುಖ್ಯವಾಗಿ ಬಂಡೆಯ ಮೇಲಿನ ಪಾಚಿ ಮತ್ತು ಕೊಳೆತ ಕಣಗಳನ್ನು ಮೇಯುತ್ತವೆ. ಆದರೂ ಭರವಸೆ ಕೊಡುವಂತಿಲ್ಲ: ಒಂದೇ ಪ್ರಭೇದದ ಒಂದು ಮೀನು ವರ್ಷಗಟ್ಟಲೆ ಹವಳವನ್ನು ಮುಟ್ಟದೆ ಇರುತ್ತದೆ, ಇನ್ನೊಂದು ಬಂದ ವಾರವೇ ಶುರುಮಾಡುತ್ತದೆ. ಎಂಪರರ್‌ನಂಥ ದೊಡ್ಡವನ್ನು ಹವಳದ ಜೊತೆ ಇಡುವುದು ಗೊತ್ತಿದ್ದೂ ಜೂಜಾಡಿದಂತೆ.

ಕುಬ್ಜ ಏಂಜೆಲ್‌ಗೆ 200ರಿಂದ 300 ಲೀಟರಿನ, ಪಾಚಿ ಹಿಡಿದು ಹದಗೊಂಡ ತೊಟ್ಟಿ ಸಾಕು. ಎಂಪರರ್ ಮರಿ ಬೆರಳುದ್ದ ಇದ್ದಾಗ ಎಲ್ಲಿಯಾದರೂ ಹೊಂದಿಕೊಂಡೀತು. ಬೆಳೆದ ಮೇಲೆ ಸಾವಿರ ಲೀಟರೂ ಹೆಚ್ಚಲ್ಲ. ನೀರಿನ ಸಾಂದ್ರತೆ 1.025ರ ಆಸುಪಾಸು, ಅಂದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಉಷ್ಣತೆ 25-26 ಡಿಗ್ರಿ, ಪಿಎಚ್ 8.1ರಿಂದ 8.4. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಿರಬೇಕು. ಹೊಸ ತೊಟ್ಟಿಯ ಬ್ಯಾಕ್ಟೀರಿಯಾಗಳು ಈ ಕೆಲಸಕ್ಕೆ ಸಜ್ಜಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಏಂಜೆಲ್ ಬರಬೇಕಾದದ್ದು ಅದಾಗಿ ಎಷ್ಟೋ ತಿಂಗಳ ನಂತರ. ಬೋರ್‌ವೆಲ್ ಅಥವಾ ನಲ್ಲಿ ನೀರಿಗೆ ನೇರವಾಗಿ ಉಪ್ಪು ಬೆರೆಸುವಂತಿಲ್ಲ. ಆರ್‌ಒ ಯಂತ್ರದಲ್ಲಿ ಸೋಸಿದ ನೀರೇ ಬೇಕು. ಕರಾವಳಿಯವರಿಗೆ ಸಮುದ್ರವೇ ಹತ್ತಿರವಲ್ಲವೇ ಎನಿಸಬಹುದು. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿಗಳು ತಂದು ಸುರಿಯುವ ಕೆಂಪುನೀರಿನಿಂದ ದಡದ ನೀರು ಸಪ್ಪೆಯಾಗುತ್ತದೆ, ಹವಳಕ್ಕೆ ಅದು ಆಗಿಬರದು. ಇನ್ನು ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಲಕ್ಷದ್ವೀಪವಿರಲಿ, ಮುರ್ಡೇಶ್ವರದ ಎದುರಿನ ನೇತ್ರಾಣಿಯಿರಲಿ, ಅಲ್ಲಿಂದ ಹವಳದ ಚೂರನ್ನು ಕಿತ್ತು ತರುವುದು ಅಪರಾಧ.

ಊಟ ಹಾಕುವ ಕ್ರಮದಲ್ಲೂ ಇಕ್ಕಟ್ಟಿದೆ. ದಿನವಿಡೀ ಮೇಯುವ ಮೀನಿಗೆ ದಿನಕ್ಕೆರಡು ಮೂರು ಸಲವಾದರೂ ಆಹಾರ ಬೇಕು: ಒಣ ಸಮುದ್ರಪಾಚಿಯ ಹಾಳೆ, ಮೈಸಿಸ್ ಸೀಗಡಿ, ದೊಡ್ಡ ಪ್ರಭೇದಗಳಿಗೆ ಸ್ಪಂಜು ಬೆರೆಸಿದ ಶೈತ್ಯೀಕರಿಸಿದ ಆಹಾರ. ಹಸಿದ ಏಂಜೆಲ್ ಹವಳದತ್ತ ತಿರುಗುತ್ತದೆ. ಹೊಟ್ಟೆ ತುಂಬ ಹಾಕಿದರೆ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಏರಿ ಹವಳ ಕಂದುತ್ತದೆ. ಸಾವಯವ ಕೊಳೆಯನ್ನು ನೊರೆಯಾಗಿಸಿ ಹೊರಹಾಕುವ ಪ್ರೋಟೀನ್ ಸ್ಕಿಮ್ಮರ್ ದೊಡ್ಡದಿರಬೇಕಾದದ್ದು ಈ ಕಾರಣಕ್ಕೆ.

ಜಗಳಗಂಟತನದಲ್ಲಿ ಸಣ್ಣವು ದೊಡ್ಡವುಗಳಿಗೆ ಕಡಿಮೆಯಿಲ್ಲ. ಒಂದೇ ಕುಲದ ಎರಡು ಮೀನು ಚಿಕ್ಕ ತೊಟ್ಟಿಯಲ್ಲಿ ಬಾಳಲಾರವು, ಏಂಜೆಲ್ ಅನ್ನು ಎಲ್ಲ ಮೀನುಗಳ ಕೊನೆಯಲ್ಲಿ ಬಿಡುವುದು ಜಾಣತನ. ಜೋಡಿ ಬೇಕೆಂದರೆ ಉಪಾಯವಿದೆ. ಕುಬ್ಜ ಏಂಜೆಲ್‌ಗಳು ಹೆಣ್ಣಾಗಿಯೇ ಪ್ರೌಢವಾಗುತ್ತವೆ. ಗುಂಪಿನ ಗಂಡು ಇಲ್ಲವಾದರೆ ದೊಡ್ಡ ಹೆಣ್ಣು ಕೆಲವು ವಾರಗಳಲ್ಲಿ ಗಂಡಾಗಿ ಬದಲಾಗುತ್ತದೆ. ಆದ್ದರಿಂದ ಗಾತ್ರದಲ್ಲಿ ಸ್ಪಷ್ಟ ವ್ಯತ್ಯಾಸವಿರುವ ಎರಡನ್ನು ಒಟ್ಟಿಗೇ ಬಿಡುತ್ತಾರೆ.

ರೋಗಗಳಲ್ಲಿ ಹೆಚ್ಚು ಕಾಡುವುದು ಕ್ರಿಪ್ಟೊಕ್ಯಾರಿಯಾನ್ ಎಂಬ ಏಕಕೋಶ ಪರಾವಲಂಬಿ. ಮೀನಿನ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳೇಳುತ್ತವೆ, ಕೆಲವೇ ದಿನಗಳಲ್ಲಿ ಮಾಯವಾಗುತ್ತವೆ. ವಾಸಿಯಾಯಿತೆಂದು ಮಾಲೀಕರು ನಿಟ್ಟುಸಿರು ಬಿಡುವ ಹೊತ್ತಿಗೆ ಜೀವಿ ತಳದಲ್ಲಿ ಕೋಶ ಕಟ್ಟಿಕೊಂಡು ನೂರಾರಾಗಿ ಒಡೆಯುತ್ತಿರುತ್ತದೆ. ತಾಮ್ರದ ಔಷಧಿ ಕೋಶದಿಂದ ಹೊರಬಂದ ಪರಾವಲಂಬಿಯನ್ನು ಕೊಲ್ಲುತ್ತದೆ, ಜೊತೆಗೆ ಹವಳ, ಸೀಗಡಿಗಳನ್ನೂ ಕೊಲ್ಲುತ್ತದೆ. ಹೀಗಾಗಿ ಚಿಕಿತ್ಸೆ ಏನಿದ್ದರೂ ಹವಳವಿಲ್ಲದ ಪ್ರತ್ಯೇಕ ತೊಟ್ಟಿಯಲ್ಲಿ. ಕುಬ್ಜಗಳು ತಾಮ್ರವನ್ನು ಸುಲಭವಾಗಿ ತಾಳಿಕೊಳ್ಳದ ಕಾರಣ ಪ್ರಮಾಣವನ್ನು ದಿನವೂ ಅಳೆಯಬೇಕಾಗುತ್ತದೆ. ಹೊಸ ಮೀನನ್ನು ನಾಲ್ಕಾರು ವಾರ ಬೇರೆಯಾಗಿಟ್ಟು ನೋಡುವುದು ಇದೆಲ್ಲಕ್ಕಿಂತ ಅಗ್ಗ.

ಪೇಟೆಗೆ ಬರುವ ಏಂಜೆಲ್‌ಗಳಲ್ಲಿ ಬಹುಪಾಲು ಇಂದಿಗೂ ಸಮುದ್ರದಿಂದ ಹಿಡಿದವು. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಲ್ಲಿ ಬಳಕೆಗೆ ಬಂದ ಸಯನೈಡ್ ಪದ್ಧತಿಯಲ್ಲಿ ವಿಷ ಚಿಮುಕಿಸಿ ಮೀನಿನ ಪ್ರಜ್ಞೆ ತಪ್ಪಿಸುತ್ತಾರೆ. ಅದರಿಂದ ಸುತ್ತಲಿನ ಹವಳ ಸಾಯುತ್ತದೆ. ಹಾಗೆ ಸಿಕ್ಕ ಮೀನುಗಳು ಬಣ್ಣ ಮಾಸದೆ, ಚೆನ್ನಾಗಿಯೇ ಕಾಣುತ್ತ ವಾರಗಳ ನಂತರ ಸಾಯುವುದುಂಟು. ಮೆಕ್ಸಿಕೋದ ಕ್ಲಾರಿಯನ್ ಏಂಜೆಲ್‌ನ ಅಂತರರಾಷ್ಟ್ರೀಯ ವ್ಯಾಪಾರವನ್ನು 2016ರಲ್ಲಿ ಸೈಟಿಸ್ ಒಪ್ಪಂದ ನಿಯಂತ್ರಣಕ್ಕೆ ಒಳಪಡಿಸಿತು. ಸಾಕಿ ಮರಿ ಮಾಡುವುದು ಬಹುಕಾಲ ಕೈಗೂಡಿರಲಿಲ್ಲ. ಮುಸ್ಸಂಜೆ ನೀರಿನ ಮೇಲ್ಭಾಗಕ್ಕೇರಿ ಬಿಡುವ ಒಂದು ಮಿಲಿಮೀಟರಿಗೂ ಚಿಕ್ಕ ಮೊಟ್ಟೆಗಳು ಒಂದೇ ದಿನದಲ್ಲಿ ಒಡೆಯುತ್ತವೆ, ಲಾರ್ವಾಗಳ ಬಾಯಿ ಎಷ್ಟು ಪುಟ್ಟದೆಂದರೆ ಕ್ಲೌನ್ ಮೀನಿನ ಮರಿಗಳಿಗೆ ಹಾಕುವ ರೋಟಿಫರ್ ಎಂಬ ಸೂಕ್ಷ್ಮಜೀವಿ‌ ಕೂಡ ಅವಕ್ಕೆ ದೊಡ್ಡದು. ಕೋಪಿಪಾಡ್ ಎಂಬ ಪುಟ್ಟ ಜಲಜೀವಿಗಳ ಮರಿಗಳನ್ನು ಆಹಾರವಾಗಿ ಬೆಳೆಸುವುದನ್ನು ಕಲಿತ ಮೇಲೆ, 2000ದ ದಶಕದ ಆರಂಭದಲ್ಲಿ ಹವಾಯಿಯ ಫ್ರಾಂಕ್ ಬೈನ್ಶ್ ಕುಬ್ಜ ಏಂಜೆಲ್ ಮರಿಗಳನ್ನು ದಡ ಮುಟ್ಟಿಸಿದರು. ಬಾಲಿಯ ತಳಿಕೇಂದ್ರಗಳಿಂದ ಈಗ ದೊಡ್ಡ ಪ್ರಭೇದಗಳೂ ಬರುತ್ತಿವೆ. ಬೆಲೆ ದುಬಾರಿ, ಆದರೆ ಮೊದಲ ದಿನದಿಂದಲೇ ಒಣ ಆಹಾರ ತಿನ್ನುವ ಮೀನು ಇವು.