ಹೊಳೆಯ ಹೂಳಿನಲ್ಲಿ ಸೋಪಿನ ಘಮ

ಕಸ್ತೂರಿಯ ವಾಸನೆಗೆ ಈಗ ಮೃಗವೇ ಬೇಕಿಲ್ಲ. ಸಿಡಿಮದ್ದಿನ ಸಂಶೋಧನೆಯಲ್ಲಿದ್ದ ಆಲ್ಬರ್ಟ್ ಬೌರ್ 1888ರಲ್ಲೇ ಕೃತಕ ಕಸ್ತೂರಿ ತಯಾರಿಸಿದರು. ಸೋಪು, ಬಟ್ಟೆಪುಡಿಗಳಿಗೆ ಬೆರೆಸುವ ಇಂಥ ರಾಸಾಯನಿಕಗಳು ಬಚ್ಚಲ ನೀರಿನೊಡನೆ ಹೊಳೆ ಸೇರುತ್ತವೆ. ಟೋಕಿಯೋ ಬಳಿಯ ತಾಮಾ ನದಿಯ ಮೀನುಗಳಲ್ಲಿ ಮಸ್ಕ್ ಕ್ಸೈಲೀನ್ ಇರುವುದು 1981ರಲ್ಲಿ ವರದಿಯಾಯಿತು. ಯುರೋಪಿನ ಒಕ್ಕೂಟವು 2014ರಿಂದ ಅನುಮತಿಯಿಲ್ಲದೆ ಅದನ್ನು ಬಳಸುವುದನ್ನು ತಡೆದಿದೆ.

ನೀರಿನಲ್ಲಿ ಹೆಚ್ಚು ಕರಗದೆ ಜಿಡ್ಡಿಗೆ ಅಂಟುವುದು ಇವುಗಳ ಗುಣ. ಆದ್ದರಿಂದಲೇ ಮೀನಿನ ಕೊಬ್ಬಿನಲ್ಲಿಯೂ ಹೊಳೆಯ ಹೂಳಿನಲ್ಲಿಯೂ ಸೇರಿಕೊಳ್ಳುತ್ತವೆ. ಕೊಳಚೆಯನ್ನು ಶುದ್ಧೀಕರಿಸಿದರೂ ಹೆಚ್ಚಿನ ಪಾಲು ಅಲ್ಲಿನ ಕೆಸರಿನಲ್ಲಿ ಉಳಿಯುತ್ತದೆ.

ರೈತ ಬಾಂಧವರು ಗಮನಿಸಬೇಕಾದುದು ಇಲ್ಲಿಯೇ. ಪೇಟೆಯ ಕೊಳಚೆ ಬೀಳುವ ಕೆರೆಯ ಗೋಡು ಕಪ್ಪಗೆ, ಫಲವತ್ತಾಗಿ ಕಾಣಬಹುದು. ಮಾಮೂಲಿ ಮಣ್ಣು ಪರೀಕ್ಷೆಯು ಸಾರಜನಕ, ರಂಜಕ, ಪೊಟ್ಯಾಷ್‌ಗಳ ಲೆಕ್ಕ ಕೊಡುತ್ತದೆಯೇ ಹೊರತು ಈ ಘಮದ ಲೆಕ್ಕವನ್ನಲ್ಲ. ಹೊಲಕ್ಕೆ ಮಳೆನೀರಿನ ಕೆರೆಯ ಗೋಡನ್ನೇ ಹೊಡೆಯುವುದು ಕ್ಷೇಮ.