ಇಸುಬು ಕಜ್ಜಿಯಲ್ಲ

ಇಸುಬನ್ನೂ ಕಜ್ಜಿಯೆಂದೇ ಕರೆಯುವ ಮನೆಗಳು ಬಹಳ. ಆ ತಪ್ಪಿಗೆ ದಂಡ ತೆರುವುದು ಮಗು. ಕಜ್ಜಿ ಚರ್ಮವನ್ನು ಕೊರೆಯುವ ನುಸಿಯಿಂದ ಬರುವ ಅಂಟುರೋಗ. ಇಸುಬು ಅಂಟುವುದಿಲ್ಲ. ಅಂತಹ ಮಗುವನ್ನು ತರಗತಿಯಲ್ಲಿ ಬೇರೆ ಬೆಂಚಿನಲ್ಲಿ ಕೂರಿಸುವುದು ಅನ್ಯಾಯ. ನಾನೂ ಒಮ್ಮೆ ಹಾಗೆ ಕೂರಿಸಿದವನೇ.

ಇಸುಬಿನ ಚರ್ಮ ತನ್ನ ಪಸೆಯನ್ನು ಹಿಡಿದಿಡಲಾರದು. ಒಣಗಿ ನವೆಯೇಳುತ್ತದೆ, ಕೆರೆದಷ್ಟೂ ನವೆ ಹೆಚ್ಚುತ್ತದೆ. ಆದಕಾರಣ ಸುಡುನೀರೂ ಸೀಗೆಪುಡಿಯ ಉಜ್ಜಾಟವೂ ಬೇಡ. ಉಗುರುಬೆಚ್ಚನೆಯ ನೀರಿನಲ್ಲಿ 5-10 ನಿಮಿಷ ಮೀಯಿಸಿ, ಮೈಯನ್ನು ಒತ್ತಿ ಒರೆಸಿ, ತೇವವಿರುವಾಗಲೇ ವ್ಯಾಸಲೀನನ್ನು ಧಾರಾಳವಾಗಿ ಸವರಬೇಕು. ಮಗುವಿನ ಉಗುರನ್ನು ಕತ್ತರಿಸಿಡಿ. ವೈದ್ಯರು ಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ಅವರು ಹೇಳಿದಷ್ಟು ದಿನ ಹಚ್ಚಲು ಅಂಜಬೇಕಿಲ್ಲ; ಅಂಗಡಿಯಲ್ಲಿ ತಾವೇ ಕೇಳಿ ತಂದದ್ದು ಸಲ್ಲದು. ನಂಜೆಂದು ಹಾಲು, ಮೊಟ್ಟೆಗಳನ್ನು ವೈದ್ಯರನ್ನು ಕೇಳದೆ ಬಿಡಿಸಿದರೆ ಮಗು ಸೊರಗೀತು. ಕೀವು, ಜ್ವರ ಕಂಡರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.